ಕಂಪ್ಯೂಟರಿನೊಳಗಿನ ಅಂಚೆ

ಪ್ರಾಜೆಕ್ಟ್ ವರದಿ ಒಪ್ಪಿಸಲು ಒಂದೇ ದಿನ ಉಳಿದಿದೆ. ನಲವತ್ತು ಪುಟ ಟೈಪಾಗಿದೆ. ಪ್ರಿಂಟ್ ಗುಂಡಿ ಒತ್ತಿದರೆ ಪರದೆ ಮಿಸುಕುವುದಿಲ್ಲ. ಮಗ ಮತ್ತೆ ಮತ್ತೆ ಒತ್ತುತ್ತಾನೆ. "ಬಂದ್ ಮಾಡಿ ಮತ್ತೊಮ್ಮಿ ಚಾಲೂ ಮಾಡಪಾ" ಎಂದು ತಂದೆ ಹೇಳುತ್ತಾರೆ. ಕಂಪ್ಯೂಟರ್ ಇರುವ ಮನೆಗಳಿಗೆಲ್ಲ ಪರಿಚಿತವಾದ ಸಂಕಟವಿದು. ಆಗ ಒಳಗೆ ಏನು ನಡೆಯುತ್ತಿರುತ್ತದೆ?

ವಿಂಡೋಸ್‌ನಲ್ಲಿ ನೀವು ಕೀಲಿ ಒತ್ತಿದರೆ ಅದು ನೇರವಾಗಿ ಪ್ರೋಗ್ರಾಮಿಗೆ ತಲುಪುವುದಿಲ್ಲ. ಯಾವ ಕಿಟಕಿಗೆ, ಯಾವ ಕೀಲಿ, ಯಾವ ಹೊತ್ತಿನಲ್ಲಿ ಎಂಬ ವಿವರವುಳ್ಳ ಒಂದು ಸಂದೇಶವನ್ನು ವಿಂಡೋಸ್ ಸಿದ್ಧಪಡಿಸಿ ಸರದಿಯಲ್ಲಿ ಇಡುತ್ತದೆ. ಪ್ರೋಗ್ರಾಮು ಅವನ್ನು ಒಂದೊಂದಾಗಿ ತೆಗೆದು ಓದಿ ಕೆಲಸ ಮಾಡುತ್ತದೆ.

ಈ ಸರದಿ ಯಾರದು? ಇಳಕಲ್ ಸೀರೆಯನ್ನು ನೆನಪಿಸಿಕೊಳ್ಳಿ. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಅವೆರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಪ್ರೋಗ್ರಾಮಿನೊಳಗೂ ಏಕಕಾಲಕ್ಕೆ ಸಾಗುವ ಹಲವು ಕೆಲಸದ ಎಳೆಗಳಿರಬಹುದು. ಇವುಗಳಿಗೆ ಥ್ರೆಡ್ ಎಂದು ಹೆಸರು. ಸಂದೇಶವು ಅವುಗಳ ನಡುವಿನ ಒಂದು ಕೊಂಡಿ. ಇಲ್ಲಿ ನಿಯಮ ಬಹಳ ಕಟ್ಟುನಿಟ್ಟು: ಯಾವ ಎಳೆ ಕಿಟಕಿಯನ್ನು ಸೃಷ್ಟಿಸಿತೋ ಅದರ ಸರದಿಗೇ ಆ ಕಿಟಕಿಯ ಸಂದೇಶಗಳು ಹೋಗಬೇಕು. ಅದರ ಪರವಾಗಿ ಬೇರೆ ಎಳೆ ಓದುವಂತಿಲ್ಲ.

ಒಂದು ಎಳೆ ಇನ್ನೊಂದರ ಕಿಟಕಿಗೆ ಸಂದೇಶ ಕಳಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಪೋಸ್ಟ್‌ಮೆಸೇಜ್. ಬಾದಾಮಿಯಲ್ಲಿ ಅಂಚೆ ಡಬ್ಬಿಗೆ ಕಾಗದ ಹಾಕಿ ನಿಮ್ಮ ಕೆಲಸಕ್ಕೆ ನೀವು ಹೋದಂತೆ. ಹುನಗುಂದದವರು ಬಿಡುವಾದಾಗ ಓದಿಕೊಳ್ಳುತ್ತಾರೆ. ಎರಡನೆಯದು ಸೆಂಡ್‌ಮೆಸೇಜ್. ನೀವೇ ಹುನಗುಂದಕ್ಕೆ ಹೋಗಿ, ಉತ್ತರ ಸಿಗುವ ತನಕ ಬಾಗಿಲಲ್ಲಿ ನಿಂತಂತೆ. ಮನೆಯವರು ಬಾಗಿಲು ತೆರೆಯದಿದ್ದರೆ ನಿಮ್ಮ ಕೆಲಸವೂ ನಿಂತಿತು. ಅವರು ಒಳಗೆ ಕುಳಿತು ಕಾಯುತ್ತಿರುವುದು ನಿಮ್ಮ ಜೇಬಿನಲ್ಲಿರುವ ಕೀಲಿಕೈಗೇ ಆಗಿದ್ದರಂತೂ ಮುಗಿದೇ ಹೋಯಿತು: ಇಬ್ಬರೂ ಕಾಯುತ್ತಲೇ ಇರಬೇಕು. ಪ್ರೋಗ್ರಾಂಗಳು ಶಾಶ್ವತವಾಗಿ ಸಿಕ್ಕಿಬೀಳುವುದು ಹೀಗೆಯೇ. ಇದಕ್ಕೆಂದೇ "ಇಷ್ಟು ಹೊತ್ತು ಕಾಯುತ್ತೇನೆ, ಆಮೇಲೆ ಹೊರಡುತ್ತೇನೆ" ಎಂಬ ಗಡುವಿನ ವಿಧಾನವನ್ನೂ ವಿಂಡೋಸ್ ಒದಗಿಸಿದೆ.

1992ರ ವಿಂಡೋಸ್ 3.1ರಲ್ಲಿ ಒಂದು ಪ್ರೋಗ್ರಾಮು ಪಟ್ಟು ಹಿಡಿದು ಕುಳಿತರೆ ಉಳಿದವೂ ಸ್ತಬ್ಧವಾಗುತ್ತಿದ್ದವು. ಕೀಲಿಮಣೆ, ಮೌಸ್‌ಗಳ ಸಂದೇಶಗಳಿಗೆ ಎಲ್ಲರಿಗೂ ಸೇರಿ ಒಂದೇ ಸರದಿ ಇದ್ದದ್ದು ಇದಕ್ಕೆ ಒಂದು ಕಾರಣ. 1995ರ ವಿಂಡೋಸ್ 95ರಲ್ಲಿ ಪ್ರತಿ ಎಳೆಗೂ ತನ್ನದೇ ಸರದಿ ಬಂತು. ಹಾಗಾಗಿಯೇ ಇಂದು ಒಂದು ಕಿಟಕಿ ಹೆಪ್ಪುಗಟ್ಟಿದರೂ ಪಕ್ಕದ ಕಿಟಕಿಯಲ್ಲಿ ಕೆಲಸ ಮುಂದುವರಿಸಬಹುದು.

ಒಂದು ಎಳೆ ಸುಮಾರು 5 ಸೆಕೆಂಡು ಸಂದೇಶಗಳತ್ತ ತಿರುಗಿ ನೋಡದಿದ್ದರೆ, ಆ ಪ್ರೋಗ್ರಾಮು ಪ್ರತಿಕ್ರಿಯಿಸುತ್ತಿಲ್ಲವೆಂದು ವಿಂಡೋಸ್ ತೀರ್ಮಾನಿಸುತ್ತದೆ. ಪ್ರತಿಕ್ರಿಯೆ ಇಲ್ಲವೆಂದರೆ ಸತ್ತಿದೆ ಎಂದಲ್ಲ. ದೊಡ್ಡ ಕಡತ ಓದುತ್ತಲೋ ಪ್ರಿಂಟರಿನ ಉತ್ತರಕ್ಕೆ ಕಾಯುತ್ತಲೋ ಇರಬಹುದು. ಕಿಟಕಿಯನ್ನು ಮತ್ತೆ ಬಿಡಿಸುವ ಸಂದೇಶವನ್ನು ವಿಂಡೋಸ್ ಕೊಡುವುದು ಬೇರೆ ಸಂದೇಶಗಳು ಮುಗಿದ ಮೇಲೆ; ಎಳೆ ಸಂದೇಶಗಳನ್ನೇ ಓದದಿದ್ದಾಗ ಪ್ರೋಗ್ರಾಮು ಕಿಟಕಿಯನ್ನು ಮತ್ತೆ ಬಿಡಿಸುವುದಿಲ್ಲ. ಅಷ್ಟರಲ್ಲಿ ನೀವು ಐದು ಸಲ ಒತ್ತಿದ್ದರೆ ಆ ಐದೂ ಸಂದೇಶಗಳು ಸರದಿಯಲ್ಲಿ ಕಾದಿರಬಹುದು. ಎಳೆಗೆ ಬಿಡುವಾದೊಡನೆ ಒಂದರ ಹಿಂದೊಂದು ಜಾರಿಯಾದರೆ, ಒಂದು ಪ್ರತಿ ಕೇಳಿದವರ ಕೈಗೆ ಐದು ಪ್ರತಿ ಬರುತ್ತದೆ!

ಆದ್ದರಿಂದ ವಿದ್ಯಾರ್ಥಿಗಳೇ, ಒಮ್ಮೆ ಒತ್ತಿ, ಒಂದೆರಡು ನಿಮಿಷ ಕಾಯಿರಿ. ಬಲವಂತವಾಗಿ ಮುಚ್ಚಿದರೆ, ಉಳಿಸದೆ ಇದ್ದ ಪುಟಗಳು ಸಾಮಾನ್ಯವಾಗಿ ಹೋದಂತೆಯೇ. ಪ್ರತಿ ಪುಟಕ್ಕೊಮ್ಮೆ ಕಂಟ್ರೋಲ್ ಮತ್ತು ಎಸ್ ಕೀಲಿ ಒತ್ತುವ ರೂಢಿ ಬೆಳೆಸಿಕೊಳ್ಳಿ. ಪಾಲಕರೂ ಸ್ವಿಚ್ಚಿಗೆ ಕೈ ಹಾಕುವ ಮುನ್ನ "ಸೇವ್ ಮಾಡಿದ್ದೀಯಾ?" ಎಂದು ಕೇಳುವುದು ಒಳ್ಳೆಯದು.

ಬಾಗಲಕೋಟೆಯ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜಿನಂಥ ಕಡೆ ಪ್ರೋಗ್ರಾಮಿಂಗ್ ಕಲಿಯುವವರಿಗೆ ಇನ್ನೊಂದು ಮಾತು. ಕಿಟಕಿಯನ್ನು ನೋಡಿಕೊಳ್ಳುವ ಎಳೆಯ ಮೇಲೆ ದೀರ್ಘ ಕೆಲಸ ಹೇರಬೇಡಿ. ಅದನ್ನು ಬೇರೆ ಎಳೆಗೆ ವಹಿಸಿ, ಮುಗಿದ ಸುದ್ದಿಯನ್ನು ಪೋಸ್ಟ್‌ಮೆಸೇಜ್ ಮೂಲಕ ತರಿಸಿಕೊಳ್ಳಿ. ನೀವು ಬರೆಯುವ ಪ್ರೋಗ್ರಾಮನ್ನೂ ನಾಳೆ ಯಾರೋ ಒಬ್ಬ ವಿದ್ಯಾರ್ಥಿ ಪರೀಕ್ಷೆಯ ಹಿಂದಿನ ರಾತ್ರಿ ಬಳಸುತ್ತಾನೆ.