ಒಳಲೆ ಹಿಡಿಯುವ ಕೈಗೆ ಬಿಡುವು ಕೊಡಿ

ತಿಂಗಳು ತುಂಬದೆ ಹುಟ್ಟಿದ ಮಗುವನ್ನು ಆಸ್ಪತ್ರೆಯಿಂದ ಕರೆತಂದ ದಿನ ಮನೆಯವರೆಲ್ಲ ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಅದು ಸರಿಯೇ. ಆದರೆ ಗಂಡಾಂತರ ಕಳೆಯಿತೆಂದು ಎರಡನೆಯ ವಾರಕ್ಕೇ ಬಾಣಂತಿಯನ್ನು ಕೊಟ್ಟಿಗೆಗೆ, ಕೋಸಿನ ಹೊಲಕ್ಕೆ ಕಳುಹಿಸುವುದು ನನಗೆ ಸರಿಕಾಣುವುದಿಲ್ಲ.

ನಮ್ಮ ತಾಳವಾಡಿ ಸೀಮೆಯ ಒಂದು ಮನೆಗೆ ಇಂಥ ಮಗುವನ್ನು ಆಶೀರ್ವದಿಸಲು ಹೋಗಿದ್ದೆ. ತಾಯಿ ಹೊಲದಲ್ಲಿದ್ದಳು. ಅಜ್ಜಿ ನೀರು ಬೆರೆಸಿದ ಹಸುವಿನ ಹಾಲನ್ನು ಬಾಟಲಿಯಲ್ಲಿ ಕುಡಿಸುತ್ತಿದ್ದರು. "ಏನ್ಮಾಡೋದು ಸ್ವಾಮಿ, ಅವಳಿಗೆ ಹಾಲೇ ಸಾಲ್ದು" ಎಂದರು. ಸಾಲದಿದ್ದದ್ದು ಹಾಲಲ್ಲ, ಬಿಡುವು. ಮಗು ಚೀಪಿದಷ್ಟೂ, ಕೈಯಿಂದ ಹಿಂಡಿದಷ್ಟೂ ಹಾಲು ಇಳಿಯುತ್ತದೆ. ಹಿಂಡದೆ ಬಿಟ್ಟರೆ ಬತ್ತುತ್ತದೆ. ಹಸು ಸಾಕುವ ನಮಗೆ ಇದನ್ನು ಹೇಳಿಕೊಡಬೇಕೇ?

ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಹೊಂದಿಕೊಳ್ಳುವುದು ಬಸಿರಿನ ಸುಮಾರು 34ನೆಯ ವಾರದ ಹೊತ್ತಿಗೆ. ಮೊದಲೇ ಹುಟ್ಟಿದ ಮಗು ಬೇಗ ದಣಿದು ನಿದ್ದೆ ಹೋಗುತ್ತದೆ, ಹಸಿದರೂ ಅಳದು. ಆದ್ದರಿಂದ ಅಳಲೆಂದು ಕಾಯದೆ 2–3 ಗಂಟೆಗೊಮ್ಮೆ, ರಾತ್ರಿಯೂ ಎಬ್ಬಿಸಿ ಕುಡಿಸಬೇಕು. ಮೊಲೆ ಚೀಪಲು ಬಲ ಸಾಲದಿದ್ದರೆ, ಹಿಂಡಿದ ತಾಯಿಹಾಲನ್ನು ಒಳಲೆಯಿಂದ, ಮಗುವಿನ ತಲೆ ಎತ್ತಿ ಹಿಡಿದು, ಸ್ವಲ್ಪಸ್ವಲ್ಪವೇ ಕೊಡಬೇಕು. ಹಳೆಯದೆಂದು ನಾವು ಅಟ್ಟಕ್ಕೆ ಹಾಕಿದ ಒಳಲೆಯನ್ನೇ ಈ ಕಡೆಯ ಆಸ್ಪತ್ರೆಗಳಲ್ಲಿ ಪಾಲಾಡೆ ಎಂದು ಕೊಡುತ್ತಾರೆ! ಪ್ರತಿ ಸಲ ತೊಳೆದು ನೀರಿನಲ್ಲಿ ಕುದಿಸಿರಿ. ಬಾಟಲಿ, ಜೇನು, ಸಕ್ಕರೆ ನೀರು, ಬಜೆ ಯಾವುದೂ ಬೇಡ. ವೈದ್ಯರು ಬೇರೆ ಹಾಲು ಬರೆದಿದ್ದರೆ ಅವರು ಹೇಳಿದ ಅಳತೆಯಲ್ಲೇ ಕೊಡಿ. ಕಬ್ಬಿಣಾಂಶದ ಮತ್ತು ವಿಟಮಿನ್ ಡಿ ಹನಿಗಳನ್ನು ಬರೆದಿದ್ದರೆ ಮಗು ದುಂಡಗಾಯಿತೆಂದು ನಿಲ್ಲಿಸಬೇಡಿ.

ಇಷ್ಟನ್ನೆಲ್ಲ ಒಬ್ಬಳೇ ಮಾಡಿ, ಹಾಲೂ ಕರೆದು, ಕಳೆಯೂ ಕೀಳಲು ಸಾಧ್ಯವೇ? ಗಂಡಂದಿರೇ, ಒಂದೆರಡು ತಿಂಗಳು ಆ ಕೆಲಸ ನಿಮ್ಮದಾಗಲಿ. ಸಂಜೆ ಕೈಕಾಲು ತೊಳೆದು, ಮಗುವನ್ನು ನಿಮ್ಮ ಬರಿಯ ಎದೆಗೆ ಅವಚಿಕೊಂಡು ಮೇಲೆ ಕಂಬಳಿ ಹೊದೆಯಿರಿ. ಇನ್‌ಕ್ಯುಬೇಟರ್‌ಗಳು ಸಾಲದಿದ್ದಾಗ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಡಾ. ಎಡ್ಗರ್ ರೇ 1978ರ ಸುಮಾರಿಗೆ ಆರಂಭಿಸಿದ ಕ್ರಮವಿದು. ನಮ್ಮ ಚಳಿಗಾಲಕ್ಕಂತೂ ಹೇಳಿ ಮಾಡಿಸಿದ್ದು. ಆ ಹೊತ್ತು ತಾಯಿ ಮಲಗಲಿ.

ದೀಕ್ಷಾಸ್ನಾನವನ್ನು ಚಿಕ್ಕದಾಗಿ ಮಾಡೋಣ. ನೂರಾರು ಜನ ಸೇರಿ ಕೂಸನ್ನು ಕೈಯಿಂದ ಕೈಗೆ ದಾಟಿಸುವ ಔತಣ ಆಮೇಲಾಗಲಿ. ನಾನೇನೂ ಬೇಸರಪಡುವುದಿಲ್ಲ.

ಮಗು ಹಾಲು ಬಿಟ್ಟರೆ, ಮೈ ತಣ್ಣಗಾದರೆ, ತುಟಿ ನೀಲಿಗಟ್ಟಿದರೆ, ಏದುಸಿರು ಬಿಟ್ಟರೆ ಬೆಳಗಾಗಲೆಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ. ದಿಂಬಂ ಘಟ್ಟದ ರಾತ್ರಿ ನಿಷೇಧ ಆಂಬುಲೆನ್ಸಿಗೆ ಇಲ್ಲ.