ಗುಜರಿಗೆ ಹಾಕೋ ಮುಂಚೆ ಮುಚ್ಚಳ ತೆಗೆದು ನೋಡಿ

ನಮ್ಮ ಮ್ಯೂಸಿಕ್ ಟೀಮ್‌ನ ರೂಮ್ ಖಾಲಿ ಮಾಡ್ಬೇಕಂತೆ. ಗುಜರಿಗೆ ಹೋಗೋ ಸಾಮಾನುಗಳ ಪಟ್ಟಿಯಲ್ಲಿ ರೋಲ್ಯಾಂಡ್ ಜೆವಿ-1080 ಕೂಡ ಇದೆ. "ಲ್ಯಾಪ್‌ಟಾಪ್‌ನಲ್ಲೇ ಎಲ್ಲಾ ಸೌಂಡ್ ಸಿಗತ್ತಲ್ಲ ಮಗಾ, ಈ ಡಬ್ಬ ಯಾಕೆ?" ಅಂತ ಬಹಳ ಜನ ಕೇಳ್ತಿದ್ದಾರೆ. ಅದನ್ನು ಉಳಿಸಿಕೊಳ್ಳಬೇಕು ಅನ್ನೋದು ನನ್ನ ಅಭಿಪ್ರಾಯ. ಬೀರುವಿನಲ್ಲಿಟ್ಟು ಬೀಗ ಹಾಕೋಕಲ್ಲ, ಬಳಸೋಕೆ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಇದು 1994ರಲ್ಲಿ ಬಂದ ಸೌಂಡ್ ಮಾಡ್ಯೂಲ್. ಇದರಲ್ಲಿ ಕೀಗಳಿಲ್ಲ. ಕೀಬೋರ್ಡಿನಿಂದ ಮಿಡಿ ಕೇಬಲ್ಲಿನಲ್ಲಿ "ಈ ಸ್ವರ, ಇಷ್ಟು ಜೋರಾಗಿ" ಎಂಬ ಸಂದೇಶ ಮಾತ್ರ ಬರುತ್ತದೆ. ನಾದ ಹುಟ್ಟುವುದು ಡಬ್ಬದೊಳಗೆ. ಒಳಗೆ 4 ಎಕ್ಸ್‌ಪಾನ್ಶನ್ ಸ್ಲಾಟ್‌ಗಳಿವೆ. ಆರ್ಕೆಸ್ಟ್ರಾ, ಹಳೇ ಸಿಂಥಸೈಜರ್, ಬೇರೆ ಬೇರೆ ದೇಶಗಳ ವಾದ್ಯಗಳು, ಹೀಗೆ ಬೇಕಾದ ಬೋರ್ಡ್ ತಂದು ಕೂರಿಸಬಹುದು.

ಹೋದ ವಾರ ಮುಚ್ಚಳ ತೆಗೆದು ನೋಡಿದ್ವಿ. ಒಂದು ಸ್ಲಾಟಿನಲ್ಲಿ ವಿಂಟೇಜ್ ಸಿಂಥ್ ಬೋರ್ಡ್ ಇತ್ತು! ಯಾವುದೋ ಬ್ಯಾಚಿನ ಸೀನಿಯರ್‌ಗಳು ಹಾಕಿರಬೇಕು. ಇಷ್ಟು ವರ್ಷ ನಮಗ್ಯಾರಿಗೂ ಗೊತ್ತಿರಲಿಲ್ಲ. ಕಾರಣ ಸರಳ. ನಾವು ಕೀಬೋರ್ಡಿನಿಂದ ಪ್ರೋಗ್ರಾಂ ಚೇಂಜ್ ಮಾತ್ರ ಕಳಿಸ್ತಿದ್ವಿ. ಅದು 7 ಬಿಟ್, ಅಂದರೆ 128 ಆಯ್ಕೆ ಅಷ್ಟೇ. ಬೋರ್ಡಿನ ಸೌಂಡ್ ಬೇಕಂದ್ರೆ ಮೊದಲು ಕಂಟ್ರೋಲರ್ 0 ಮತ್ತು 32ರಲ್ಲಿ ಬ್ಯಾಂಕ್ ಸೆಲೆಕ್ಟ್ ಕಳಿಸಿ, ಆಮೇಲೆ ಪ್ರೋಗ್ರಾಂ ಚೇಂಜ್ ಕಳಿಸಬೇಕು. ಬೋರ್ಡ್ ಹಾಕಿದವರು ಇದನ್ನು ಜೂನಿಯರ್‌ಗಳಿಗೆ ಹೇಳಿಕೊಡದೇ ಹೋದರು. ಹಾಳಾಗಿದ್ದು ಡಬ್ಬ ಅಲ್ಲ, ನಮ್ಮ ತಿಳುವಳಿಕೆ.

ಬೋರ್ಡ್ ಹಾಕೋದು ದೊಡ್ಡ ವಿದ್ಯೆ ಏನಲ್ಲ. ಪವರ್ ಆಫ್ ಮಾಡಿ, ಪ್ಲಗ್ಗನ್ನೂ ಕಿತ್ತುಬಿಡಿ. ಮ್ಯಾನ್ಯುಯಲ್ ಹೇಳಿದ ಸ್ಕ್ರೂಗಳನ್ನು ಮಾತ್ರ ಬಿಚ್ಚಿ. ಅರ್ತ್ ಆಗಿರುವ ಲೋಹ ಮುಟ್ಟಿ ಮೈಯ ಸ್ಟ್ಯಾಟಿಕ್ ಕಳೆದುಕೊಳ್ಳಿ. ಬೋರ್ಡನ್ನು ಅಂಚಿನಲ್ಲಿ ಹಿಡಿದು, ಕನೆಕ್ಟರ್ ನೇರವಾಗಿದೆಯಾ ನೋಡಿ, ಸಮವಾಗಿ ಒತ್ತಿ. ಒಳಗೆ ಸ್ಕ್ರೂ ಬಿದ್ದರೆ ಹುಡುಕಿ ತೆಗೆಯುವ ತನಕ ಆನ್ ಮಾಡಬೇಡಿ.

ಹಾಕಿದ ಮೇಲೆ ಗಮನಿಸಿ, ಇದರಲ್ಲೇ ಒಂದು ಪಾಠ ಇದೆ. ಬೋರ್ಡ್ ಹೊಸ ಅಲೆಗಳನ್ನು ಕೊಡುತ್ತದೆ, ಹೊಸ ದನಿಗಳನ್ನಲ್ಲ. 4 ಬೋರ್ಡ್ ತುಂಬಿದರೂ ಒಟ್ಟಿಗೆ ನುಡಿಯುವ ದನಿ 64 ಮಾತ್ರ. 4 ಟೋನ್‌ಗಳ ಪ್ಯಾಚ್ ಹಾಕಿದರೆ ಒಂದು ಸ್ವರಕ್ಕೆ 4 ದನಿ ಖರ್ಚು, ಅಂದರೆ 16 ಸ್ವರಕ್ಕೆ ಮುಗೀತು. ಮಿಡಿಯ ವೇಗವೂ ಸೆಕೆಂಡಿಗೆ 31,250 ಬಿಟ್. 3 ಬೈಟಿನ ಒಂದು ನೋಟ್ ಆನ್‌ಗೆ ಸುಮಾರು 1 ಮಿಲಿಸೆಕೆಂಡ್ ಬೇಕು. ಮೆಮೊರಿ, ಪ್ರೊಸೆಸರ್, ಬಸ್ ಮೂರೂ ಬೇರೆ ಬೇರೆ ಮಿತಿಗಳು ಅಂತ ಕ್ಲಾಸಿನಲ್ಲಿ ಬರ್ಕೊಂಡಿದ್ದೀವಿ. ಇಲ್ಲಿ ಅದು ಕಿವಿಗೇ ಕೇಳುತ್ತೆ.

ಲ್ಯಾಪ್‌ಟಾಪ್ ಪರ ವಾದದಲ್ಲೂ ಹುರುಳಿದೆ. ಜೆವಿ-1080 ಈಗ ಸಾಫ್ಟ್‌ವೇರ್ ಆಗಿಯೂ ಸಿಗುತ್ತೆ, ಹೊರೋದು ಸುಲಭ, ಪ್ರಾಜೆಕ್ಟ್ ಸೇವ್ ಮಾಡೋದೂ ಸುಲಭ. ಹಳೇ ಬೋರ್ಡ್ ಹುಡುಕೋದು ಕಷ್ಟ, ಅಗ್ಗವೂ ಅಲ್ಲ. ಹಾಗಾಗಿ ಖಾಲಿ ಇರೋ ಮೂರು ಸ್ಲಾಟ್ ತುಂಬಿಸಿ ಅಂತ ನಾನು ಕೇಳ್ತಿಲ್ಲ. ಇರೋ ಒಂದು ಬೋರ್ಡನ್ನು ಬಳಸಿ ಅಂತಿದ್ದೀನಿ.

ನನ್ನ ಬೇಡಿಕೆ ಮೂರೇ. ಪಟ್ಟಿಯಿಂದ ಅದರ ಹೆಸರು ತೆಗೀರಿ. ನಮ್ಮ ಪ್ಯಾಚ್‌ಗಳನ್ನು ಕಂಪ್ಯೂಟರಿಗೆ ಬ್ಯಾಕಪ್ ಮಾಡಿ, ಒಳಗಿನ ಸಿಆರ್2032 ಬ್ಯಾಟರಿ ಬದಲಾಯಿಸಿ. ಅದು ಸತ್ತರೆ ಸೇವ್ ಮಾಡಿದ್ದೆಲ್ಲ ಹೋಗುತ್ತೆ. ಮತ್ತೆ ಯಾವ ಸ್ಲಾಟಿನಲ್ಲಿ ಏನಿದೆ, ಬ್ಯಾಂಕ್ ನಂಬರ್ ಎಷ್ಟು ಅಂತ ಒಂದು ಚೀಟಿ ಬರೆದು ಮುಚ್ಚಳದ ಮೇಲೆ ಅಂಟಿಸಿ. ಮುಂದಿನ ಬ್ಯಾಚಿನವರು ನಮ್ಮ ಹಾಗೆ ಕತ್ತಲಲ್ಲಿ ತಡಕಾಡೋದು ಬೇಡ.