ಕುಂಡ ತುಂಬಲು ಕಾನು ಬರಿದಾಗಬೇಕೆ?

ಶಿವಮೊಗ್ಗದಿಂದ ಸಾಗರದ ಕಡೆಗೆ ಹೊರಟವರಿಗೆ ಆಲ್ಕೊಳ ಒಂದು ಕಾಲದಲ್ಲಿ ಪೇಟೆ ಮುಗಿದು ಹಳ್ಳಿ ಆರಂಭವಾಗುವ ತಾಣವಾಗಿತ್ತು. ಈಗ ಪೇಟೆ ಅದನ್ನು ದಾಟಿ ಬಹುದೂರ ಸಾಗಿದೆ. ಮೂವತ್ತು–ನಲವತ್ತರ ನಿವೇಶನಗಳಲ್ಲಿ ಗೋಡೆಗೆ ಗೋಡೆ ತಾಗಿದಂತೆ ಮನೆಗಳೆದ್ದಿವೆ. ಇಂತಹ ಬಡಾವಣೆಗಳಲ್ಲಿ ನೆಲೆಸಿದವರಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬಗಳ ಕಡೆಯಿಂದ ಬಂದವರು ಕಡಿಮೆಯೇನಲ್ಲ. ಹಿತ್ತಿಲನ್ನು ಊರಿನಲ್ಲಿ ಬಿಟ್ಟು ಬಂದವರಿಗೆ ತಂಬುಳಿಯ ನೆನಪು ಬಿಡದು. ಹಾಗಾಗಿ ಕಿಟಕಿಯ ದಂಡೆಯ ಮೇಲೊಂದು ಒಂದೆಲಗದ ಕುಂಡ, ಅಡುಗೆಮನೆಯ ಕಟ್ಟೆಯ ಬದಿಗೆ ದೊಡ್ಡಪತ್ರೆ, ಮೆಟ್ಟಿಲ ಸಂದಿಯಲ್ಲಿ ಪುದೀನ. ಪೇಟೆಯ ಮನೆಯೊಳಗೆ ಹೀಗೆ ಹಸಿರು ಕಾಣಿಸುವುದು ಸಂತೋಷದ ಸಂಗತಿಯೇ. ಆದರೆ ಆ ಕುಂಡದೊಳಗಿನ ಮಣ್ಣು ಎಲ್ಲಿಂದ ಬಂತು ಎಂದು ಕೇಳುವವರು ವಿರಳ.

ಅದು ಬರುವ ದಾರಿ ಎರಡು. ಊರಿಗೆ ಹೋದವರು ಮರಳುವಾಗ ಕಾರಿನ ಡಿಕ್ಕಿಯಲ್ಲಿ ಒಂದು ಚೀಲ ಕಾಡುಮಣ್ಣನ್ನು ತರುವುದು ಒಂದು. ‘ಎಲೆಗೊಬ್ಬರ’, ‘ಸಾವಯವ ಮಿಶ್ರಣ’ ಎಂಬ ಹೆಸರಿನ ಚೀಲವನ್ನು ದುಡ್ಡು ಕೊಟ್ಟು ಕೊಳ್ಳುವುದು ಇನ್ನೊಂದು. ಮೊದಲನೆಯದರ ಮೂಲ ಗೊತ್ತಿದ್ದೂ ಯಾರಿಗೂ ಅದು ತಪ್ಪೆನಿಸುವುದಿಲ್ಲ. ಎರಡನೆಯದರ ಮೂಲವನ್ನು ಚೀಲದ ಮೇಲೆ ಬರೆಯುವ ಪದ್ಧತಿಯೇ ಇಲ್ಲ.

ಮಲೆನಾಡಿನ ಕಾಡು ಕಣ್ಣಿಗೆ ಸಮೃದ್ಧವಾಗಿ ಕಂಡರೂ ಅದರ ನೆಲ ಬಡ ನೆಲ. ಸಾವಿರಾರು ವರ್ಷಗಳ ಜಡಿಮಳೆ ಸುಣ್ಣ, ಪೊಟ್ಯಾಷ್ ಮೊದಲಾದ ಸಾರವನ್ನೆಲ್ಲ ತೊಳೆದು, ಕಬ್ಬಿಣದ ಅಂಶವುಳ್ಳ ಹುಳಿ ಗುಣದ ಕೆಮ್ಮಣ್ಣನ್ನು ಉಳಿಸಿದೆ. ಉಳಿದ ಫಲವತ್ತತೆ ಇರುವುದು ಮೇಲಿನ ಕೆಲವೇ ಅಂಗುಲಗಳಲ್ಲಿ, ತರಗೆಲೆ ಕೊಳೆತು ಕಪ್ಪಾದ ಪದರದಲ್ಲಿ. ಮರ ಉದುರಿಸಿದ್ದನ್ನು ಮರಕ್ಕೇ ಮರಳಿಸುವ ಉಗ್ರಾಣ ಅದು. ಜೂನ್ ತಿಂಗಳ ಮೊದಲ ಮಳೆಯ ಹೊಡೆತವನ್ನು ತಾಳಿಕೊಂಡು, ನೀರನ್ನು ಹರಿಯಗೊಡದೆ ಇಂಗಿಸುವುದೂ ಅದೇ ಪದರ. ಸೊರಬದ ಕಾನುಗಳನ್ನು ಕುರಿತು ಬ್ರಾಂಡಿಸ್ ಮತ್ತು ಗ್ರಾಂಟ್ 1868ರಲ್ಲಿಯೇ ವರದಿ ಬರೆದಿದ್ದರು. ಕಾನಿನ ಬುಡದ ಒರತೆಯನ್ನು ನಂಬಿ ಗದ್ದೆ ಮಾಡಿದ ಹಳ್ಳಿಗರಿಗಂತೂ ಯಾವ ವರದಿಯೂ ಬೇಕಿರಲಿಲ್ಲ. ಆ ಕಪ್ಪು ಪದರವನ್ನು ಗುದ್ದಲಿಯಿಂದ ಕೆರೆದು ಚೀಲಕ್ಕೆ ತುಂಬಿದರೆ ಕೆಳಗಿನ ಜಂಬಿಟ್ಟಿಗೆ ಮಣ್ಣು ಬಿಸಿಲಿಗೆ ಬೀಳುತ್ತದೆ. ಬಿದ್ದ ಬೀಜ ಅಲ್ಲಿ ಮೊಳೆಯುವುದಿಲ್ಲ.

ಇಲ್ಲಿ ಸೊಪ್ಪಿನಬೆಟ್ಟದ ಪ್ರಶ್ನೆಯನ್ನು ಎತ್ತುವವರಿದ್ದಾರೆ. ತಲೆತಲಾಂತರದಿಂದ ತೋಟಕ್ಕೆ ಸೊಪ್ಪು, ತರಗು ತಂದಿಲ್ಲವೇ ಎಂಬುದು ಅವರ ವಾದ. ತಂದದ್ದು ನಿಜ, ಆದರೆ ಅದು ಆ ಬೆಟ್ಟದ ಬುಡದ ತೋಟಕ್ಕೇ ಸಂದಿತು, ಬೆಟ್ಟವನ್ನು ಕಾಯ್ದುಕೊಳ್ಳಬೇಕಾದ ಹೊಣೆಯೂ ತಂದವನ ಮೇಲೆಯೇ ಇತ್ತು. ಚೀಲಕ್ಕೆ ತುಂಬಿ ಪೇಟೆಗೆ ಸಾಗಿಸಿದ ಮಣ್ಣು ಮರಳಿ ಬರುವುದಿಲ್ಲ. 1927ರ ಭಾರತೀಯ ಅರಣ್ಯ ಕಾಯ್ದೆಯೂ 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ಕಾಡಿನ ಮೇಲ್ಮಣ್ಣನ್ನು ಮರದ ದಿಮ್ಮಿಯಂತೆಯೇ ಅರಣ್ಯೋತ್ಪನ್ನವೆಂದು ಎಣಿಸಿವೆ. ದಿಮ್ಮಿ ಸಾಗಿಸುವವನನ್ನು ತಡೆಯುವ ಕಣ್ಣಿಗೆ ಮಣ್ಣಿನ ಚೀಲ ಮಾತ್ರ ಬೀಳುವುದಿಲ್ಲ.

ಇಷ್ಟು ಬೆಲೆ ತೆತ್ತು ತಂದ ಕಾಡುಮಣ್ಣು ಕುಂಡದಲ್ಲಿ ಕೆಲಸಕ್ಕೂ ಬರುವುದಿಲ್ಲ ಎಂಬುದು ಇದರ ವಿಷಾದಕರ ಭಾಗ. ಕಾಡಿನಲ್ಲಿ ಆ ಮಣ್ಣನ್ನು ಸಡಿಲವಾಗಿಡುವವರು ಗೆದ್ದಲು, ಎರೆಹುಳು, ಬೇರು ಮತ್ತು ಬೂಸ್ಟು. ಕುಂಡದಲ್ಲಿ ಅವರ್ಯಾರೂ ಇರುವುದಿಲ್ಲ. ಆರೆಂಟು ತಿಂಗಳಲ್ಲಿ ಎಲೆಯ ಅಂಶ ಕರಗಿ, ಉಳಿದ ಜಿಗುಟುಮಣ್ಣು ಇಳಿದು ಗಟ್ಟಿಯಾಗುತ್ತದೆ. ಒಣಗಿದರೆ ಇಟ್ಟಿಗೆ, ನೆನೆದರೆ ಕೆಸರು. ಕುಂಡದ ಮಿಶ್ರಣಕ್ಕೆ ಬೇಕಾದದ್ದು ಸಾರಕ್ಕಿಂತ ಮೊದಲು ಗಾಳಿ. ನೀರು ಹಿಡಿದುಕೊಳ್ಳುವ ಸಣ್ಣ ರಂಧ್ರಗಳ ಜೊತೆಗೆ, ನೀರು ಇಳಿದುಹೋದ ಮೇಲೂ ಗಾಳಿ ಉಳಿಯುವ ದೊಡ್ಡ ರಂಧ್ರಗಳೂ ಇರಬೇಕು. ಬೇರು ಉಸಿರಾಡುವುದು ಅಲ್ಲಿ.

ಹೊರದೇಶಗಳಲ್ಲಿ ಈ ಕೆಲಸಕ್ಕೆ ಪೀಟ್ ಎಂಬ ಜೌಗುನೆಲದ ಪಾಚಿಯನ್ನು ಅಗೆದು ತೆಗೆಯುತ್ತಾರೆ. ಅದು ವರ್ಷಕ್ಕೆ ಸುಮಾರು 1 ಮಿಲಿಮೀಟರಿನಷ್ಟು ಮಾತ್ರ ಬೆಳೆಯುವ ವಸ್ತು. ಜಗತ್ತಿನ ನೆಲದ ಶೇ. 3ರಷ್ಟೇ ಇರುವ ಈ ಜೌಗುಗಳು ಮಣ್ಣಿನಲ್ಲಿರುವ ಇಂಗಾಲದ ಮೂರನೇ ಒಂದು ಪಾಲಿನಷ್ಟನ್ನು ಹಿಡಿದಿಟ್ಟಿವೆ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜಡ್ಡಿಯನ್ನು ಯಾರಾದರೂ ಕುಂಡ ತುಂಬಲು ಅಗೆದರೆ ಹೇಗಿರುತ್ತದೋ ಇದೂ ಹಾಗೆಯೇ. ತೆಂಗಿನ ನಾರಿನ ಹುಡಿ, ಅಂದರೆ ಕೊಕೊಪೀಟ್, ಇದಕ್ಕಿಂತ ಎಷ್ಟೋ ಮೇಲು. ತಿಪಟೂರು, ಅರಸೀಕೆರೆಗಳ ಕಡೆ ನಾರು ತೆಗೆದ ಮೇಲೆ ಉಳಿಯುವ ಕಸ ಅದು. ತನ್ನ ತೂಕದ ಹಲವು ಪಟ್ಟು ನೀರನ್ನು ಹಿಡಿಯಬಲ್ಲದು. ಆದರೆ ಹಸಿ ಹುಡಿಯಲ್ಲಿ ಉಪ್ಪಿನಂಶ ಹೆಚ್ಚು, ಸಾರಜನಕ ತೀರ ಕಡಿಮೆ. ಉಪ್ಪು ಹೋಗಬೇಕಾದರೆ ಧಾರಾಳ ನೀರಿನಲ್ಲಿ ತೊಳೆಯಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಈ ಹುಡಿಯನ್ನು ಸೂಕ್ಷ್ಮಜೀವಿಗಳಿಂದ ಹುದುಗಿಸಿ ಬಳಕೆಗೆ ತರುವ ‘ಅರ್ಕಾ’ ವಿಧಾನವನ್ನು ರೂಪಿಸಿದೆ. ಅಂಗಡಿಯ ಇಟ್ಟಿಗೆಯಂಥ ಹೆಂಟೆ ಹೀಗೆ ಹದಗೊಂಡದ್ದೇ ಎಂದು ಕೇಳಿ ಕೊಳ್ಳುವುದು ಒಳ್ಳೆಯದು.

ಹಾಗಿದ್ದರೂ ಆಲ್ಕೊಳದ ಕುಂಡಕ್ಕೆ ತಿಪಟೂರಿನ ಕಸವನ್ನೇ ತರಿಸಬೇಕಾದ ಅಗತ್ಯವಿಲ್ಲ. ಈ ಜಿಲ್ಲೆಯ ಕಸ ಬೇಕಾದಷ್ಟು ಇದೆ. ಅಡಿಕೆಕಾಯಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಪ್ಪೆಯದು. ಕೆಂಪಡಿಕೆಗಾಗಿ ಹಸಿಗಾಯಿ ಸುಲಿಯುವ ಈ ಸೀಮೆಯಲ್ಲಿ ಕೊಯ್ಲಿನ ಕಾಲಕ್ಕೆ ಸುಲಿಯುವ ಯಂತ್ರಗಳ ಮುಂದೆ ಅದು ಗುಡ್ಡವಾಗಿ ಬೀಳುತ್ತದೆ. ಆಮೇಲೆ ಅದರ ಗತಿ ರಸ್ತೆಯ ಬದಿ, ಕೆರೆಯ ಅಂಗಳ, ಇಲ್ಲವೇ ಬೆಂಕಿ. ಒಣಗಿದ ಸಿಪ್ಪೆಯ ರಾಶಿಗೆ ಕಿಡಿ ತಾಗಿದರೆ ದಿನಗಟ್ಟಲೆ ಹೊಗೆಯಾಡುತ್ತದೆ. ಆ ಹೊಗೆಯನ್ನು ಸೀಳಿಕೊಂಡು ಹೋಗುವ ವಾಹನದಲ್ಲೇ ಕಾಡುಮಣ್ಣಿನ ಚೀಲವೂ ಪೇಟೆಗೆ ಸಾಗುತ್ತದೆ ಎಂಬುದು ಯಾರಿಗೂ ವಿಚಿತ್ರವಾಗಿ ಕಾಣದಿರುವುದೇ ವಿಚಿತ್ರ.

ಸಿಪ್ಪೆ ನಾರುಳ್ಳದ್ದು, ಗಟ್ಟಿ, ಚೊಗರು ತುಂಬಿದ್ದು, ಬೇಗ ಕೊಳೆಯದು. ಕುಂಡದಲ್ಲಿ ಗಾಳಿಯನ್ನು ಬಹುಕಾಲ ಉಳಿಸಬಲ್ಲದ್ದೂ ಈ ದುರ್ಗುಣದಿಂದಲೇ. ಕೊಯ್ಲು ಮುಗಿದೊಡನೆ ಅದನ್ನು ತುಂಡರಿಸಿ, ಪದರಪದರವಾಗಿ ಸಗಣಿ ನೀರು ಎರಚಿ, ನೆರಳಿನಲ್ಲಿ ರಾಶಿ ಹಾಕಿ ಮುಚ್ಚಿಡಬೇಕು. ತಿಂಗಳಿಗೊಮ್ಮೆ ತಿರುವಬೇಕು. ಮುಂದಿನ ಮಳೆಗಾಲ ಕಳೆಯುವ ವೇಳೆಗೆ ಅದು ಕಡುಕಂದು ಬಣ್ಣಕ್ಕೆ ತಿರುಗಿ, ಹಿಸುಕಿದರೆ ಪುಡಿಯಾಗುವ ಹದಕ್ಕೆ ಬರುತ್ತದೆ. ಅವಸರಪಟ್ಟು ಅರೆಕೊಳೆತ ಸಿಪ್ಪೆಯನ್ನು ತುಂಬಿದರೆ ಸೂಕ್ಷ್ಮಜೀವಿಗಳು ಅದನ್ನು ಕರಗಿಸಲು ಗಿಡದ ಪಾಲಿನ ಸಾರಜನಕವನ್ನೇ ಕಬಳಿಸುತ್ತವೆ, ಎಲೆ ಹಳದಿಯಾಗುತ್ತದೆ. ವಿಟ್ಲದ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸೋಗೆ, ಹಾಳೆಗಳಂಥ ಅಡಿಕೆ ತೋಟದ ಕಸವನ್ನು ಎರೆಹುಳುವಿಗೆ ಉಣಿಸಿ ಗೊಬ್ಬರ ಮಾಡುವ ದಾರಿಯನ್ನು ಬಹುಕಾಲದ ಹಿಂದೆಯೇ ತೋರಿಸಿದೆ. ಕಳಿತ ಸಿಪ್ಪೆ ಎರಡು ಪಾಲು, ಎರೆಗೊಬ್ಬರ ಅಥವಾ ಹಳೆಯ ಕೊಟ್ಟಿಗೆ ಗೊಬ್ಬರ ಒಂದು ಪಾಲು, ಅಕ್ಕಿ ಗಿರಣಿಯ ಉಮಿಯನ್ನು ಅರೆಸುಟ್ಟ ಕರಿ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ: ಕಿಟಕಿಯ ಗಿಡಕ್ಕೆ ಇಷ್ಟು ಸಾಕು. ಉಮಿ ಕರಿಯಾಗಿರಬೇಕು, ಬೆಳ್ಳಗಿನ ಬೂದಿಯಾದರೆ ಕ್ಷಾರ ಹೆಚ್ಚು. ಮಣ್ಣನ್ನು ಹಾಕದಿದ್ದರೂ ನಡೆದೀತು. ಹಾಕಲೇಬೇಕೆನಿಸಿದರೆ ಮನೆಯ ಪಾಯ ತೋಡಿದಾಗ ಬಂದ ಕೆಮ್ಮಣ್ಣು ಒಂದು ಬೊಗಸೆ.

ಇದೇನೂ ಪೇಟೆಗೆ ಹೊಸ ವಿದ್ಯೆಯಲ್ಲ. ಮಳೆಗಾಲದ ಜಗಲಿಯಲ್ಲಿ ಡೇರೆ ಹೂ ಬೆಳೆಸುವ ಮಲೆನಾಡಿನ ಹೆಂಗಸರು ಹಳೆಯ ಡಬ್ಬ, ಪ್ಲಾಸ್ಟಿಕ್ ಕೊಟ್ಟೆಗಳಿಗೆ ಗೊಬ್ಬರ, ಬೂದಿ, ಸುಟ್ಟ ಮಣ್ಣು ಬೆರೆಸಿ ತುಂಬುವ ಹದವನ್ನು ಯಾವ ಪುಸ್ತಕದಿಂದಲೂ ಕಲಿತದ್ದಲ್ಲ. ಚೌತಿಯ ಹೊತ್ತಿಗೆ ಹೂ ಬಿಡಿಸುವ ಆ ಕೈಗಳಿಗೆ ಕುಂಡದಲ್ಲಿ ನೀರು ನಿಲ್ಲಬಾರದು ಎಂಬುದು ಚೆನ್ನಾಗಿ ಗೊತ್ತು.

ಇನ್ನು ತಾನೇ ನೀರುಣ್ಣುವ ಕುಂಡದ ಮಾತು. ಕೆಳಗೆ ನೀರಿನ ತೊಟ್ಟಿ, ಮೇಲೆ ಮಿಶ್ರಣ, ನಡುವೆ ಬತ್ತಿ. ದೀಪದ ಬತ್ತಿ ಎಣ್ಣೆಯನ್ನು ಏರಿಸುವಂತೆ ಇದು ನೀರನ್ನು ಏರಿಸುತ್ತದೆ. ಅಮೆರಿಕದಲ್ಲಿ 1994ರಿಂದ ‘ಅರ್ತ್‌ಬಾಕ್ಸ್’ ಎಂಬ ಹೆಸರಿನಲ್ಲಿ ಈ ಬಗೆಯ ಪೆಟ್ಟಿಗೆ ಮಾರಾಟಕ್ಕೆ ಬಂತು. ಸುಟ್ಟ, ಆದರೆ ಮೆರುಗಿಲ್ಲದ ಮಣ್ಣಿನ ಗಡಿಗೆಯನ್ನು ಗಿಡದ ಬುಡದಲ್ಲಿ ಹೂತು ನೀರು ತುಂಬುವ ಉಪಾಯವಾದರೋ ಚೀನಾದಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದೆಯೇ ಗ್ರಂಥಸ್ಥವಾಗಿತ್ತು. ಮಡಕೆ ನೀರಾವರಿಯೆಂದು ಈ ನಾಡಿನ ಬಯಲುಸೀಮೆಯೂ ಅದನ್ನು ಬಲ್ಲದು. ಆದ್ದರಿಂದ ದುಬಾರಿ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ತರಿಸುವುದಕ್ಕೆ ಮೊದಲು ಕುಂಬಾರರ ಅಂಗಡಿಗೆ ಹೋಗಿ ಬರಬಹುದು. ಅಗಲ ಕುಂಡದ ನಡುವೆ ಸಣ್ಣ ಗಡಿಗೆಯೊಂದನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಮುಚ್ಚಳವಿಟ್ಟರೆ ಆಯಿತು. ಬತ್ತಿಯ ಕುಂಡವೇ ಬೇಕೆಂದರೆ ಹಳೆಯ ಬಣ್ಣದ ಬಕೆಟ್ಟುಗಳೆರಡು, ನೈಲಾನ್ ಸೀರೆಯ ಅಂಚು ಸಾಕು. ಹತ್ತಿಯ ಬತ್ತಿ ಕೆಲವು ತಿಂಗಳಲ್ಲಿ ಕೊಳೆಯುತ್ತದೆ. ತೊಟ್ಟಿಯ ಪಕ್ಕಕ್ಕೆ ಹೆಚ್ಚಾದ ನೀರು ಹೊರಹೋಗುವ ತೂತು ಇರಲೇಬೇಕು; ನೀರಿಗೂ ಮಿಶ್ರಣಕ್ಕೂ ನಡುವೆ ಗಾಳಿಯ ಪದರ ಉಳಿಯುವುದು ಅದರಿಂದ. ಒರಟು ಮಿಶ್ರಣದಲ್ಲಿ ನೀರು ಒಂದು ಗೇಣಿಗಿಂತ ಮೇಲೆ ಏರುವುದು ಕಷ್ಟವಾದ ಕಾರಣ ಕುಂಡ ಬಹಳ ಎತ್ತರವಿರಬಾರದು. ಕಾಡುಮಣ್ಣಿನ ಸೋಲು ಪೂರ್ತಿ ಬಯಲಾಗುವುದೂ ಇಲ್ಲಿಯೇ. ಜಿಗುಟುಮಣ್ಣಿನ ಸೂಕ್ಷ್ಮ ರಂಧ್ರಗಳೆಲ್ಲ ಕೆಳಗಿನ ನೀರನ್ನು ಹೀರಿ ತುಂಬಿಕೊಂಡು, ಗಾಳಿಗೆ ಎಡೆಯಿಲ್ಲದೆ, ಬೇರು ಕೊಳೆತು ನಾರುತ್ತದೆ.

ಮಾರುವವರು ಹೇಳದ ಮಾತು ಒಂದುಂಟು. ಈ ಕುಂಡ ವರ್ಷವಿಡೀ ಬಳಸುವ ಸಾಧನವಲ್ಲ. ಒಣಹವೆಯ ದೇಶಗಳಲ್ಲಿ ಅದು ಸರಿಹೋದೀತು. ಶಿವಮೊಗ್ಗದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಗಿಡ ಕುಡಿಯುವುದು ಅತ್ಯಲ್ಪ. ಆಗ ತೊಟ್ಟಿಯನ್ನು ಖಾಲಿಯಿಟ್ಟು, ಬೇಕಾದಾಗ ಮೇಲಿನಿಂದ ಒಂದು ಲೋಟ ನೀರು ಹಾಕುವುದೇ ಸರಿ. ಫೆಬ್ರವರಿಯಿಂದ ಮೇವರೆಗೆ, ಅದರಲ್ಲೂ ಮನೆಮಂದಿಯೆಲ್ಲ ಮದುವೆ ಮುಂಜಿಯೆಂದು ಬೀಗ ಹಾಕಿ ಊರಿಗೆ ಹೊರಡುವ ವಾರಗಳಲ್ಲಿ ಈ ಕುಂಡದ ಉಪಕಾರ ದೊಡ್ಡದು.

ನೀರು ಮೇಲಕ್ಕೇರಿ ಆವಿಯಾದಾಗ ಅದರಲ್ಲಿನ ಉಪ್ಪು ಮೇಲ್ಪದರದಲ್ಲಿ ಉಳಿಯುತ್ತದೆ. ಬಿಳಿಯ ಹೊಪ್ಪಳೆ ಕಂಡರೆ ಅದೇ. ಗಂಗಾ ಸ್ನಾನ ತುಂಗಾ ಪಾನ ಎಂಬ ಮಾತಿನ ಸವಿ ಗಿಡಕ್ಕೂ ಸಲ್ಲುತ್ತದೆ. ತುಂಗೆಯ ಮೆದುನೀರಿನಲ್ಲಿ ಈ ತೊಂದರೆ ನಿಧಾನ, ಕೊಳವೆ ಬಾವಿಯ ಗಡಸುನೀರಿನಲ್ಲಿ ಬೇಗ. ಎರಡು ತಿಂಗಳಿಗೊಮ್ಮೆ ಕುಂಡವನ್ನು ಹೊರಗೆ ತಂದು ಮೇಲಿನಿಂದ ಚೆನ್ನಾಗಿ ನೀರು ಹೊಯ್ದು ತೊಳೆಯಬೇಕು. ಮಳೆನೀರಾದರೆ ಇನ್ನೂ ಉತ್ತಮ.

ಇದಕ್ಕಿಂತ ಗಂಭೀರವಾದದ್ದು ಸೊಳ್ಳೆ. 2024ರಲ್ಲಿ ರಾಜ್ಯ ಸರಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಎಡೆಕೊಡುವವರಿಗೆ ದಂಡವನ್ನೂ ಗೊತ್ತುಮಾಡಿತು. ಡೆಂಗಿ ಹರಡುವ ಈಡಿಸ್ ಸೊಳ್ಳೆ ಇಷ್ಟಪಡುವುದು ಮನೆಯೊಳಗಿನ ಇಂತಹ ತಿಳಿನೀರನ್ನೇ. ಮೊಟ್ಟೆಯಿಂದ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಅದರ ಮೊಟ್ಟೆ ಒಣಗಿದ ತೊಟ್ಟಿಯ ಗೋಡೆಗೆ ಅಂಟಿಕೊಂಡು ತಿಂಗಳುಗಟ್ಟಲೆ ಬದುಕಿರಬಲ್ಲದು. ನೀರು ಹಾಕುವ ಕೊಳವೆಗೆ ಬಿರಟೆ, ಹೊರಹೋಗುವ ತೂತಿಗೆ ಸಣ್ಣ ಕಣ್ಣಿನ ಬಲೆ ಇಲ್ಲದ ಕುಂಡವನ್ನು ಮನೆಯೊಳಗೆ ಇಡಲೇಬಾರದು. ತೊಟ್ಟಿಯನ್ನು ಬರಿದು ಮಾಡಿದಾಗ ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು.

ಬೆಳೆಯ ಆಯ್ಕೆಯಲ್ಲಿ ಬೆಳಕೇ ಯಜಮಾನ. ಒಂದೆಲಗ, ಪುದೀನ, ವೀಳ್ಯದೆಲೆ ಕಿಟಕಿಯ ಬೆಳಕಿನಲ್ಲಿ ಬದುಕುತ್ತವೆ. ದೊಡ್ಡಪತ್ರೆಗೆ ನೀರು ಕಡಿಮೆ ಸಾಕಾದ್ದರಿಂದ ತೊಟ್ಟಿಯ ಕುಂಡ ಅದಕ್ಕೆ ಸಲ್ಲದು. ಟೊಮೆಟೊ, ಬದನೆಗೆ ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ಒಳಮನೆಯಲ್ಲಿ ಅದನ್ನು ಬಯಸಬಾರದು.

ನವುಲೆಯ ಕೃಷಿ ಕಾಲೇಜು ಆಲ್ಕೊಳಕ್ಕೆ ದೂರವಲ್ಲ. ಅಡಿಕೆ ಸಿಪ್ಪೆಯ ಕುಂಡ ಮಿಶ್ರಣದ ಹದವನ್ನು ಪರೀಕ್ಷಿಸಿ ಕನ್ನಡದಲ್ಲಿ ಒಂದು ಕರಪತ್ರ ಹೊರಡಿಸುವುದು ಅಲ್ಲಿನವರಿಗೆ ಕಷ್ಟದ ಕೆಲಸವಾಗಲಾರದು. ಸರಕಾರಿ ಸಸ್ಯಪಾಲನಾ ಕ್ಷೇತ್ರಗಳು ಸಸಿಯ ಕೊಟ್ಟೆ ತುಂಬಲು ಕಾಡಿನ ಮೇಲ್ಮಣ್ಣನ್ನು ಬಳಸುವುದಿಲ್ಲವೆಂದು ಮೊದಲು ತೀರ್ಮಾನಿಸಬೇಕು. ಮಾರಾಟದ ಚೀಲದ ಮೇಲೆ ಒಳಗಿನ ವಸ್ತು ಯಾವುದು, ಎಲ್ಲಿಯದು ಎಂದು ಬರೆಯುವ ನಿಯಮ ಅದರ ಹಿಂದೆಯೇ ಬರಬೇಕು. ಹಳ್ಳಿಗಳಲ್ಲಿ ಸುಲಿಯುವ ಯಂತ್ರವಿಟ್ಟವರು ಸಿಪ್ಪೆಯನ್ನು ಕಳಿಸಿ ಮಾರಿದರೆ, ಈಗ ಸುಡಲು ಸೀಮೆಎಣ್ಣೆ ಹುಡುಕುವ ಜಾಗದಲ್ಲಿ ನಾಲ್ಕು ಕಾಸು ಕಾಣಬಹುದು. ಕಾಡುಮಣ್ಣಿನ ಚೀಲ ಹೊರುವ ಕೂಲಿಗಿಂತ ಅದು ಮರ್ಯಾದೆಯ ಗಳಿಕೆಯೂ ಹೌದು.

ಶಾಲೆಗಳ ಪರಿಸರ ಸಂಘದ ಮಕ್ಕಳು ಇದನ್ನು ತಾವೇ ಪರೀಕ್ಷಿಸಿ ನೋಡಬಹುದು. ಒಂದೇ ಅಳತೆಯ ಎರಡು ಬತ್ತಿಯ ಕುಂಡ. ಒಂದರಲ್ಲಿ ಶಾಲೆಯ ಅಂಗಳದ ಕೆಮ್ಮಣ್ಣು, ಇನ್ನೊಂದರಲ್ಲಿ ಕಳಿತ ಸಿಪ್ಪೆಯ ಮಿಶ್ರಣ. ಎರಡರಲ್ಲೂ ಒಂದೇ ಬಳ್ಳಿಯ ಒಂದೆಲಗ. ಫೆಬ್ರವರಿಯಲ್ಲಿ ನೆಟ್ಟು, ಎಷ್ಟು ದಿನಕ್ಕೊಮ್ಮೆ ತೊಟ್ಟಿ ಬರಿದಾಯಿತು, ಎಷ್ಟು ಎಲೆ ಬಂತು ಎಂದು ಬರೆದಿಡುವುದು. ಪರೀಕ್ಷೆ ಮುಗಿದು ಬೇಸಿಗೆ ರಜೆ ಬರುವ ಮುನ್ನ ಎರಡನ್ನೂ ಬುಡಮೇಲು ಮಾಡಿ ಬೇರಿನ ಬಣ್ಣ ನೋಡುವುದು.